ಡೈನೋಸಾರ್‌ಗಳಿಗೂ ಮೊದಲು ಬೇಟೆಯಾಡಿದವರು

ಕಳೆದ ವರ್ಷ ನಮ್ಮ ಕಾಲೇಜಿನ ವಸ್ತುಪ್ರದರ್ಶನದಲ್ಲಿ ವಾಣಿಜ್ಯ ವಿಭಾಗದವರೂ ಏನಾದರೂ ಮಾಡಬೇಕೆಂದು ನಾವು ನಾಲ್ವರು ಸೇರಿ ಒಂದು ದೊಡ್ಡ ಚಾರ್ಟ್ ತಯಾರಿಸಿದೆವು. ‘ಡೈನೋಸಾರ್‌ಗಳ ಲೋಕ’ ಎಂದು ಹೆಸರಿಟ್ಟೆವು. ಅದರ ಎಡ ಮೂಲೆಯಲ್ಲಿ, ಬೆನ್ನ ಮೇಲೆ ದೋಣಿಯ ಹಾಯಿಯಂತೆ ಏನೋ ಎದ್ದು ನಿಂತಿರುವ ಪ್ರಾಣಿಯನ್ನು ನಾನೇ ಬಿಡಿಸಿದ್ದೆ. ನನ್ನ ತಮ್ಮನ ಪ್ಲಾಸ್ಟಿಕ್ ಡೈನೋಸಾರ್ ಪೊಟ್ಟಣದಲ್ಲಿ ಅದೂ ಇತ್ತು. ಪೊಟ್ಟಣದ ಮೇಲೆ ‘ಡೈನೋಸಾರ್’ ಎಂದೇ ಅಚ್ಚಾಗಿತ್ತು, ಹಾಗಾಗಿ ನನಗೆ ಅನುಮಾನವೇ ಬರಲಿಲ್ಲ. ಜೀವಶಾಸ್ತ್ರದ ಉಪನ್ಯಾಸಕರೊಬ್ಬರು ಬಂದರು, ಚಾರ್ಟ್ ಪೂರ್ತಿ ನೋಡಿದರು, ಕೊನೆಗೆ ಆ ಮೂಲೆಯ ಮೇಲೆ ಬೆರಳಿಟ್ಟು, “ಇದು ಡೈನೋಸಾರ್ ಅಲ್ಲ. ಡೈನೋಸಾರ್‌ಗಿಂತ ನಿಮಗೇ ಹತ್ತಿರದ ನೆಂಟ” ಎಂದರು. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಮನೆಗೆ ಹೋದ ಮೇಲೆ ಆ ಮಾತು ಬಿಡಲಿಲ್ಲ. ಅಂದಿನಿಂದ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ, ಆದ್ದರಿಂದ ನನಗೆ ಅರ್ಥವಾದ ಭಾಷೆಯಲ್ಲೇ ಹೇಳುತ್ತೇನೆ.

ಆ ಹಾಯಿಯ ಪ್ರಾಣಿಯ ಹೆಸರು ಡೈಮೆಟ್ರೊಡಾನ್. 1878ರಲ್ಲಿ ಎಡ್ವರ್ಡ್ ಡ್ರಿಂಕರ್ ಕೋಪ್ ಎಂಬ ಅಮೆರಿಕದ ವಿಜ್ಞಾನಿ ಅದಕ್ಕೆ ಆ ಹೆಸರಿಟ್ಟರು. ಟೆಕ್ಸಾಸ್‌ನ ಕೆಂಪು ಬಂಡೆಗಳಲ್ಲಿ ಅದರ ಎಲುಬುಗಳು ಬಹಳ ಸಿಗುತ್ತವೆ. ಅದು ಬದುಕಿದ್ದ ಕಾಲ ಸುಮಾರು 29.5 ಕೋಟಿ ವರ್ಷಗಳಿಂದ 27.2 ಕೋಟಿ ವರ್ಷಗಳ ಹಿಂದೆ. ಮೊದಲ ಡೈನೋಸಾರ್‌ಗಳು ಕಾಣಿಸಿಕೊಂಡದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಅಂದರೆ ಇವೆರಡೂ ಒಂದನ್ನೊಂದು ನೋಡುವ ಸಾಧ್ಯತೆಯೇ ಇರಲಿಲ್ಲ.

ಕೋಟಿಗಳ ಲೆಕ್ಕ ತಲೆಗೆ ಹತ್ತದಿದ್ದರೆ ನಾನು ಮಾಡಿಕೊಂಡ ಉಪಾಯ ಇದು. ಸಾವಿರ ವರ್ಷಕ್ಕೆ ಒಂದು ರೂಪಾಯಿ ಎಂದು ಇಟ್ಟುಕೊಳ್ಳಿ. ಹಲ್ಮಿಡಿ ಶಾಸನ ಒಂದೂವರೆ ರೂಪಾಯಿಯಷ್ಟು ಹಿಂದಿನದು. ಹಿಜರಿ ಶಕೆಯ ಆರಂಭಕ್ಕೆ ಒಂದೂವರೆ ರೂಪಾಯಿಯೂ ಬೇಕಾಗುವುದಿಲ್ಲ. ನಮ್ಮಂಥ ಮನುಷ್ಯರು ಭೂಮಿಯ ಮೇಲೆ ಇರುವುದು ಸುಮಾರು 300 ರೂಪಾಯಿಯಿಂದ. ಟೈರನೊಸಾರಸ್ ಸೇರಿದಂತೆ ದೊಡ್ಡ ಡೈನೋಸಾರ್‌ಗಳು ಮುಗಿದದ್ದು 66 ಸಾವಿರ ರೂಪಾಯಿಗೆ. ಡೈಮೆಟ್ರೊಡಾನ್ ಮುಗಿದದ್ದು 2 ಲಕ್ಷ 72 ಸಾವಿರಕ್ಕೆ. ಕಾಲದ ಲೆಕ್ಕದಲ್ಲಿ ಟೈರನೊಸಾರಸ್‌ಗೆ ಡೈಮೆಟ್ರೊಡಾನ್‌ಗಿಂತ ನಾವೇ ಹತ್ತಿರ. ಆದರೂ ಆಟಿಕೆಯ ಪೊಟ್ಟಣದಲ್ಲಿ ಅವೆರಡೂ ಅಕ್ಕಪಕ್ಕ ನಿಂತಿರುತ್ತವೆ.

ನೆಂಟಸ್ತನದ ಮಾತಿಗೆ ಬರೋಣ. ಹಳೆಯ ಪುಸ್ತಕಗಳಲ್ಲಿ ಇವುಗಳನ್ನು ‘ಸಸ್ತನಿಗಳಂಥ ಸರೀಸೃಪಗಳು’ ಎಂದು ಕರೆದಿರುತ್ತಾರೆ. ನಾನೂ ಮೊದಲು ಅದನ್ನೇ ಓದಿ, ಅರ್ಧ ಹಲ್ಲಿ ಅರ್ಧ ನಾಯಿ ಎಂದು ಕಲ್ಪಿಸಿಕೊಂಡಿದ್ದೆ. ಈಗಿನ ವಿಜ್ಞಾನಿಗಳು ಆ ಹೆಸರನ್ನು ಬಳಸುವುದು ಕಡಿಮೆ, ಏಕೆಂದರೆ ಅದು ದಾರಿ ತಪ್ಪಿಸುತ್ತದೆ. 31 ಕೋಟಿ ವರ್ಷಗಳಿಗೂ ಹಿಂದೆ, ನೆಲದ ಮೇಲೆ ಮೊಟ್ಟೆಯಿಡಲು ಕಲಿತಿದ್ದ ಪ್ರಾಣಿಗಳಲ್ಲಿ ಎರಡು ಕವಲು ಒಡೆಯಿತು. ಒಂದು ಕವಲಿನಲ್ಲಿ ಹಲ್ಲಿ, ಹಾವು, ಆಮೆ, ಮೊಸಳೆ, ಡೈನೋಸಾರ್ ಮತ್ತು ಹಕ್ಕಿಗಳು ಬಂದವು. ಇನ್ನೊಂದರಲ್ಲಿ ಡೈಮೆಟ್ರೊಡಾನ್ ಮತ್ತು ಅದರ ಬಳಗ, ಬಹಳ ಕಾಲದ ನಂತರ ಇಲಿ, ಆನೆ, ತಿಮಿಂಗಿಲ, ಮನುಷ್ಯ. ಈ ಎರಡನೆಯ ಕವಲಿಗೆ ಸೈನಾಪ್ಸಿಡ್ ಎಂದು ಹೆಸರು. ಅಂದರೆ ಇವು ಸರೀಸೃಪಗಳಾಗಿದ್ದು ಆಮೇಲೆ ಸಸ್ತನಿಗಳಾದವು ಎಂಬುದು ಸರಿಯಲ್ಲ. ಸರೀಸೃಪಗಳ ಮನೆ ಮೊದಲಿನಿಂದಲೂ ಬೇರೆಯೇ ಆಗಿತ್ತು.

ಇದನ್ನು ಗುರುತಿಸುವುದು ತಲೆಬುರುಡೆಯಿಂದ. ಸೈನಾಪ್ಸಿಡ್‌ಗಳ ಬುರುಡೆಯಲ್ಲಿ ಕಣ್ಣಿನ ಗುಳಿಯ ಹಿಂದೆ ಪ್ರತಿ ಬದಿಗೆ ಒಂದೇ ಒಂದು ರಂಧ್ರ ಇರುತ್ತದೆ. ದವಡೆಯ ಸ್ನಾಯು ಅಲ್ಲಿಂದ ಹಾದುಹೋಗುತ್ತದೆ. ಡೈನೋಸಾರ್, ಮೊಸಳೆಗಳ ಬುರುಡೆಯಲ್ಲಿ ಅಂಥವು ಎರಡು. ನಿಮ್ಮ ಕಪಾಲದ ಬದಿಗೆ, ಕಣ್ಣಿಗೂ ಕಿವಿಗೂ ನಡುವೆ ಬೆರಳಿಟ್ಟು ಹಲ್ಲು ಕಚ್ಚಿ ನೋಡಿ. ಒಳಗೆ ಉಬ್ಬುವ ಸ್ನಾಯು ಕೆನ್ನೆಯ ಮೂಳೆಯ ಹಿಂದಿನಿಂದ ಕೆಳಗಿಳಿಯುತ್ತದಲ್ಲ, ಆ ಸಂದು ಅದೇ ಹಳೆಯ ರಂಧ್ರ.

ಈಗ ನಿಜವಾದ ಬೇಟೆಗಾರರ ವಿಷಯ. ಡೈಮೆಟ್ರೊಡಾನ್ ಮುಗಿದ ಕಾಲದ ಆಸುಪಾಸಿನಲ್ಲೇ ಈ ಕವಲಿನಲ್ಲಿ ಇನ್ನೂ ಚುರುಕಾದ ಪ್ರಾಣಿಗಳು ಮೇಲೆ ಬಂದವು. ಅವುಗಳಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಗೊರ್ಗೊನಾಪ್ಸಿಯನ್‌ಗಳು. ಹೆಸರು ಗ್ರೀಕ್ ಪುರಾಣದ ಗೊರ್ಗಾನ್ ಎಂಬ ಭಯಂಕರ ಸ್ತ್ರೀಯಿಂದ ಬಂದದ್ದು. ಅವಳ ಮುಖ ನೋಡಿದವರು ಕಲ್ಲಾಗುತ್ತಿದ್ದರಂತೆ. ಕಲ್ಲಾಗಿಹೋದ ಪ್ರಾಣಿಗೇ ಆ ಹೆಸರು ಇಟ್ಟಿದ್ದಾರೆ. 1876ರಲ್ಲಿ ರಿಚರ್ಡ್ ಓವನ್ ಗೊರ್ಗೊನಾಪ್ಸ್ ಎಂದು ಮೊದಲ ಹೆಸರು ಕೊಟ್ಟರು. ‘ಡೈನೋಸಾರ್’ ಎಂಬ ಪದವನ್ನು ಸೃಷ್ಟಿಸಿದವರೂ ಇವರೇ.

ಆ ಎಲುಬುಗಳು ಸಿಕ್ಕಿದ್ದು ದಕ್ಷಿಣ ಆಫ್ರಿಕದ ಕರೂ ಎಂಬ ಒಣ ಬಯಲಿನಲ್ಲಿ. ಅಲ್ಲಿನ ಪಳೆಯುಳಿಕೆಗಳ ಕಥೆ ಶುರುವಾಗುವುದು ಆಂಡ್ರ್ಯೂ ಗೆಡ್ಡಿಸ್ ಬೇನ್ ಎಂಬವರಿಂದ. ಮೊದಲು ಕುದುರೆಯ ಜೀನು ತಯಾರಿಸುತ್ತಿದ್ದ ಅವರು ಆಮೇಲೆ ರಸ್ತೆ ಕಟ್ಟಿಸುವ ಕೆಲಸಕ್ಕೆ ಬಂದರು. 1838ರಲ್ಲಿ ರಸ್ತೆಗಾಗಿ ಬಂಡೆ ಕಡಿಯುವ ಕಾಲದಲ್ಲಿ ಅವರಿಗೆ ಎರಡೇ ಕೋರೆಗಳಿದ್ದ ವಿಚಿತ್ರ ಬುರುಡೆ ಸಿಕ್ಕಿತು. ಅದು ಲಂಡನ್ನಿಗೆ ಹೋಯಿತು. 1845ರಲ್ಲಿ ಓವನ್ ಅದಕ್ಕೆ ಡೈಸಿನೊಡಾನ್, ಅಂದರೆ ಎರಡು ನಾಯಿಹಲ್ಲಿನದು, ಎಂದು ಹೆಸರಿಟ್ಟರು. ಈ ಡೈಸಿನೊಡಾಂಟ್‌ಗಳು ಸಸ್ಯಾಹಾರಿಗಳು, ಆಮೆಯಂಥ ಕೊಕ್ಕು, ಹಂದಿಯಂಥ ಮೈ. ಗೊರ್ಗೊನಾಪ್ಸಿಯನ್‌ಗಳ ಮುಖ್ಯ ಊಟ ಇವೇ. ನೂರು ವರ್ಷದ ನಂತರ, 1934ರಲ್ಲಿ, ಅದೇ ಕರೂ ಸೀಮೆಯ ರೂಬಿಜ್ ಎಂಬ ಕುರಿ ಸಾಕಣೆಗಾರರ ಜಮೀನಿನಲ್ಲಿ ಅವರ ಸಣ್ಣ ಮಗಳು ಒಂದು ಪಳೆಯುಳಿಕೆಯನ್ನು ಗುರುತಿಸಿದಳು. ವೃತ್ತಿಯಿಂದ ವೈದ್ಯರಾಗಿದ್ದ ರಾಬರ್ಟ್ ಬ್ರೂಮ್ ಅದನ್ನು ನೋಡಿ, ಹೊಸ ಗೊರ್ಗೊನಾಪ್ಸಿಯನ್ ಎಂದು ತಿಳಿದು, ಆ ಮನೆತನದ ಹೆಸರನ್ನೇ ಸೇರಿಸಿ ಹೆಸರಿಟ್ಟರು. ಜೀನುಗಾರ, ಕುರಿಯವರ ಮಗಳು, ಡಾಕ್ಟರು. ಇವರ ಪಟ್ಟಿ ಓದಿದ ಮೇಲೆ ವಾಣಿಜ್ಯದವರಿಗೆ ಇದರಲ್ಲಿ ಏನು ಕೆಲಸ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದನ್ನೇ ನಿಲ್ಲಿಸಿದ್ದೇನೆ.

ಈ ಪ್ರಾಣಿ ಹೇಗಿತ್ತು? ಗಾತ್ರದಲ್ಲಿ ನಾಯಿಯಷ್ಟು ಚಿಕ್ಕವೂ ಇದ್ದವು, ಕರಡಿಯಷ್ಟು ದೊಡ್ಡವೂ ಇದ್ದವು. ಎಲ್ಲಕ್ಕಿಂತ ದೊಡ್ಡವುಗಳಲ್ಲಿ ಒಂದಾದ ಇನಾಸ್ಟ್ರಾನ್ಸೆವಿಯಾ ಮೂರು ಮೀಟರಿಗೂ ಉದ್ದ, ತಲೆಯೊಂದೇ ಸುಮಾರು 60 ಸೆಂಟಿಮೀಟರ್. ಮೇಲಿನ ಕೋರೆಹಲ್ಲು ಅರ್ಧ ಗೇಣಿಗೂ ಹೆಚ್ಚು, ಚೂರಿಯಂತೆ ಚಪ್ಪಟೆ, ಅಂಚಿನಲ್ಲಿ ಗರಗಸದಂತೆ ಸಣ್ಣ ಹಲ್ಲುಗಳು. ಮುಂದಿನ ಬಾಚಿಹಲ್ಲುಗಳೂ ಬಲವಾಗಿದ್ದವು. ಆದರೆ ಕೋರೆಯ ಹಿಂದೆ ದವಡೆಹಲ್ಲು ಎಂದು ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಕೆಲವು ಮೊಳೆಗಳಂಥ ಚಿಕ್ಕ ಹಲ್ಲುಗಳು ಮಾತ್ರ. ಅಂದರೆ ಅಗಿಯುವ ಮಾತೇ ಇಲ್ಲ. ಕೋರೆ ಚುಚ್ಚಿ ಇಳಿಸುವುದು, ಮುಂದಿನ ಹಲ್ಲಿನಿಂದ ಮಾಂಸ ಕಿತ್ತುಕೊಳ್ಳುವುದು, ನುಂಗುವುದು. ಅಷ್ಟು ಉದ್ದ ಕೋರೆ ಇಟ್ಟುಕೊಂಡು ಬೇಟೆಯನ್ನು ಕಚ್ಚಬೇಕಾದರೆ ಬಾಯಿ ಬಹಳ ಅಗಲವಾಗಿ ತೆರೆಯಬೇಕು. ಅವುಗಳ ದವಡೆಯ ಕೀಲು ಅದಕ್ಕೆ ತಕ್ಕಂತೆಯೇ ಇತ್ತು. ಕೋರೆ ಮುರಿದರೆ ಹೊಸದು ಬರುತ್ತಿತ್ತು, ಹಾಲುಹಲ್ಲಿನಂತೆ ಒಂದೇ ಸಲ ಅಲ್ಲ, ಮತ್ತೆ ಮತ್ತೆ. ಕೋರೆಹುಲಿ ಎಂದು ನಾವು ಕರೆಯುವ ಸ್ಮೈಲೊಡಾನ್ ಬಂದದ್ದು ಇದಾದ 25 ಕೋಟಿ ವರ್ಷಗಳ ಮೇಲೆ. ಇವುಗಳಿಗೂ ಅದಕ್ಕೂ ನೇರ ಸಂಬಂಧವಿಲ್ಲ; ಒಂದೇ ಆಯುಧ ಎರಡು ಸಲ ಬೇರೆಬೇರೆಯಾಗಿ ತಯಾರಾಯಿತು. ಹಿಂಗಾಲುಗಳನ್ನು ಹಲ್ಲಿಯಂತೆ ಬದಿಗೆ ಚಾಚದೆ ಬಹುಮಟ್ಟಿಗೆ ಮೈಯ ಕೆಳಗೇ ತಂದುಕೊಂಡು ನಡೆಯಬಲ್ಲವಾಗಿದ್ದವು. ಚಿತ್ರಕಾರರು ಕೆಲವರು ಇವಕ್ಕೆ ಕೂದಲು ಬಿಡಿಸುತ್ತಾರೆ, ಕೆಲವರು ಬೋಳು ಚರ್ಮ ಬಿಡಿಸುತ್ತಾರೆ. ನಾನು ಈ ಸಲ ಬೋಳು ಬಿಡಿಸಿದ್ದೇನೆ, ಕಾರಣ ಕೂದಲು ಬಿಡಿಸಲು ನನಗೆ ಬರುವುದಿಲ್ಲ.

ಇನಾಸ್ಟ್ರಾನ್ಸೆವಿಯಾದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಉತ್ತರ ರಷ್ಯಾದ ದ್ವಿನಾ ನದಿಯ ದಂಡೆಯಲ್ಲಿ ವ್ಲಾದಿಮಿರ್ ಅಮಲಿಟ್ಸ್ಕಿ ಎಂಬ ಪ್ರಾಧ್ಯಾಪಕರು 1899ರಿಂದ ಅಗೆಸಿದರು. ಅವರಿಗೆ ಅಲ್ಲಿ ಹುಡುಕಬೇಕೆನಿಸಿದ್ದು ಏಕೆ ಎಂದರೆ, ದಕ್ಷಿಣ ಆಫ್ರಿಕ ಮತ್ತು ಭಾರತದ ಬಂಡೆಗಳಲ್ಲಿ ಸಿಗುವಂಥದೇ ಸಸ್ಯಗಳ ಗುರುತು ರಷ್ಯಾದಲ್ಲೂ ಕಂಡಂತಾಗಿತ್ತು. ಸಸ್ಯ ಇದ್ದರೆ ಪ್ರಾಣಿಯೂ ಇರಬೇಕು ಎಂದು ಅವರ ತರ್ಕ. ಇಡೀ ಅಸ್ಥಿಪಂಜರಗಳೇ ಸಿಕ್ಕವು. ಆದರೆ 1917ರಲ್ಲಿ, ಕ್ರಾಂತಿಯ ವರ್ಷದಲ್ಲಿ, ಅಮಲಿಟ್ಸ್ಕಿ ತೀರಿಕೊಂಡರು. ಪ್ರಾಣಿಗೆ ಅವರಿಟ್ಟ ಹೆಸರು ಅಚ್ಚಾದದ್ದು 1922ರಲ್ಲಿ. ಅವರ ಮುಖ್ಯ ಬರಹವನ್ನು ಅಚ್ಚಿನಲ್ಲಿ ಅವರೇ ನೋಡಲಿಲ್ಲ.

ನೂರು ವರ್ಷ ಇನಾಸ್ಟ್ರಾನ್ಸೆವಿಯಾ ರಷ್ಯಾದ ಪ್ರಾಣಿ ಎಂದೇ ಎಲ್ಲರ ನಂಬಿಕೆ. 2010 ಮತ್ತು 2011ರಲ್ಲಿ ದಕ್ಷಿಣ ಆಫ್ರಿಕದ ಫ್ರೀ ಸ್ಟೇಟ್ ಪ್ರಾಂತ್ಯದ ಒಂದು ಜಮೀನಿನಲ್ಲಿ ಜಾನ್ ನ್ಯಾಫುಲಿ ಮತ್ತು ನ್ತಾವ್‌ಪ ನ್ತೇರಿ ಎಂಬ ಕ್ಷೇತ್ರ ಶೋಧಕರಿಗೆ ಎರಡು ದೊಡ್ಡ ಗೊರ್ಗೊನಾಪ್ಸಿಯನ್‌ಗಳ ಅವಶೇಷ ಸಿಕ್ಕಿತು. 2023ರಲ್ಲಿ ಕ್ರಿಶ್ಚಿಯನ್ ಕ್ಯಾಮರರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಕಾರ ಅವು ಇನಾಸ್ಟ್ರಾನ್ಸೆವಿಯಾವೇ! ಎರಡು ಸ್ಥಳಗಳ ನಡುವೆ ಇಂದು ಹತ್ತು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಆಗ ಖಂಡಗಳೆಲ್ಲ ಪ್ಯಾಂಜಿಯಾ ಎಂಬ ಒಂದೇ ಭೂಭಾಗವಾಗಿದ್ದುದರಿಂದ ಸಮುದ್ರ ದಾಟಬೇಕಾಗಿರಲಿಲ್ಲ, ಆದರೂ ದೂರ ದೂರವೇ. ಅದು ಅಲ್ಲಿಗೆ ಬಂದದ್ದು ಏಕೆ? ಕರೂನ ಸ್ಥಳೀಯ ದೊಡ್ಡ ಬೇಟೆಗಾರರು, ಅಂದರೆ ರೂಬಿಜ್ ಮನೆತನದ ಹೆಸರು ಹೊತ್ತ ಗೊರ್ಗೊನಾಪ್ಸಿಯನ್‌ಗಳು, ಆಗಲೇ ಅಳಿದಿದ್ದವು. ಖಾಲಿಯಾದ ಜಾಗಕ್ಕೆ ಹೊರಗಿನವರು ಬಂದರು. ಅವರೂ ಉಳಿಯಲಿಲ್ಲ. ಅವರ ನಂತರ ಥೆರೊಸೆಫೇಲಿಯನ್ ಎಂಬ ಬೇರೊಂದು ಗುಂಪು ಆ ಸ್ಥಾನ ಹಿಡಿಯಿತು. 20 ಲಕ್ಷ ವರ್ಷಗಳೊಳಗೆ ಅಗ್ರ ಬೇಟೆಗಾರನ ಸ್ಥಾನ ಕನಿಷ್ಠ ನಾಲ್ಕು ಸಲ ಕೈ ಬದಲಾಯಿಸಿತು ಎಂದು ಆ ಲೇಖನ ಹೇಳುತ್ತದೆ. ನಮ್ಮ ರೂಪಾಯಿ ಲೆಕ್ಕದಲ್ಲಿ ಎರಡು ಸಾವಿರ ರೂಪಾಯಿಯೊಳಗೆ. ವ್ಯವಹಾರ ಅಧ್ಯಯನ ಓದುವವರಿಗೆ ಇದು ಏನೆಂದು ಗೊತ್ತು. ಒಂದೇ ಬೀದಿಯ ಒಂದೇ ಅಂಗಡಿಗೆ ಮೇಲಿಂದ ಮೇಲೆ ಹೊಸ ಬೋರ್ಡ್ ಬಿದ್ದರೆ ತೊಂದರೆ ಅಂಗಡಿಯವನದಲ್ಲ, ಬೀದಿಯದು.

ಬೀದಿಯ ತೊಂದರೆ ಏನು ಎನ್ನುವ ಮೊದಲು, ಈ 25 ಕೋಟಿ ಎಂಬ ಸಂಖ್ಯೆ ಎಲ್ಲಿಂದ ಬರುತ್ತದೆ ಎಂದು ಹೇಳಬೇಕು. ನನ್ನ ಗೆಳೆಯರು ಮೊದಲು ಕೇಳುವ ಪ್ರಶ್ನೆ ಅದೇ: “ಯಾರು ನೋಡಿದ್ದಾರೆ?” ನನಗೆ ಇದು ಅರ್ಥವಾದದ್ದು ಲೆಕ್ಕಶಾಸ್ತ್ರದ ಸವಕಳಿ ಪಾಠದಿಂದ. ಪ್ರಥಮ ಪಿಯುಸಿಯಲ್ಲಿ ನಾವು ಎರಡು ಪದ್ಧತಿ ಕಲಿಯುತ್ತೇವೆ. ಪ್ರತಿವರ್ಷ ಒಂದೇ ಮೊತ್ತ ಕಳೆಯುವುದು ಒಂದು, ಉಳಿದ ಬಾಕಿಯ ಮೇಲೆ ಒಂದೇ ಶೇಕಡಾ ಕಳೆಯುವುದು ಇನ್ನೊಂದು. ಒಂದು ಲಕ್ಷದ ಯಂತ್ರಕ್ಕೆ ಶೇ. 10ರಂತೆ ಎರಡನೆಯ ಪದ್ಧತಿಯಲ್ಲಿ ಕಳೆದರೆ 90,000, 81,000, 72,900 ಎಂದು ಇಳಿಯುತ್ತದೆ. ಈಗ ಯಂತ್ರ ಕೊಂಡ ತಾರೀಖು ಕಳೆದುಹೋಗಿದೆ ಎನ್ನಿ. ಮೂಲ ಬೆಲೆ, ಈಗಿನ ಪುಸ್ತಕ ಬೆಲೆ ಮತ್ತು ದರ ಗೊತ್ತಿದ್ದರೆ ಸಾಕು. 72,900 ಇದೆ, ಹಾಗಾದರೆ ಮೂರು ವರ್ಷ. ಯುರೇನಿಯಂ ನಡೆಯುವುದು ಇದೇ ಎರಡನೆಯ ಪದ್ಧತಿಯಲ್ಲಿ. ಅದು ನಿಗದಿತ ದರದಲ್ಲಿ ಸೀಸವಾಗುತ್ತಾ ಹೋಗುತ್ತದೆ; ಯುರೇನಿಯಂ-238 ಅರ್ಧಕ್ಕೆ ಇಳಿಯಲು ಸುಮಾರು 447 ಕೋಟಿ ವರ್ಷ ಬೇಕು. ಜ್ವಾಲಾಮುಖಿಯ ಬೂದಿಯಲ್ಲಿ ಜಿರ್ಕಾನ್ ಎಂಬ ಸಣ್ಣ ಹರಳುಗಳಿರುತ್ತವೆ. ಅವು ರೂಪುಗೊಳ್ಳುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತವೆ, ಸೀಸವನ್ನು ಹೊರಗಿಡುತ್ತವೆ. ಆದ್ದರಿಂದ ಇಂದು ಒಳಗಿರುವ ಸೀಸವೆಲ್ಲ ಆಮೇಲೆ ಹುಟ್ಟಿದ್ದು. ಉಳಿದ ಯುರೇನಿಯಂ ಮತ್ತು ಹುಟ್ಟಿದ ಸೀಸ ಕೂಡಿದರೆ ಮೂಲ ಬೆಲೆ ಸಿಗುತ್ತದೆ. ಚೀನಾದ ಮೇಶಾನ್ ಎಂಬಲ್ಲಿಯ ಬೂದಿಯ ಪದರಗಳಿಂದ ಪರ್ಮಿಯನ್ ಯುಗದ ಅಂತ್ಯ ಸುಮಾರು 25.19 ಕೋಟಿ ವರ್ಷಗಳ ಹಿಂದೆ ಎಂದು ಲೆಕ್ಕ ಸಿಕ್ಕಿದೆ. ಅಷ್ಟು ಕಾಲದಲ್ಲಿ ಆ ಯುರೇನಿಯಂನ ಶೇ. 4ರಷ್ಟೂ ಕರಗಿಲ್ಲ. ಇದನ್ನು ನಾನೇ ಕ್ಯಾಲ್ಕ್ಯುಲೇಟರ್‌ನಲ್ಲಿ ಮಾಡಿ ನೋಡಿದೆ, 3.8 ಬಂತು. ಆ ದಿನ ರಾತ್ರಿ ತುಂಬಾ ಹೊತ್ತು ನಿದ್ದೆ ಬರಲಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಈ ವಿಷಯ ಎತ್ತಿದಾಗ ಕೆಲವರು ಸುಮ್ಮನಾಗುತ್ತಾರೆ, ಕೆಲವರು ಮಾತು ಬದಲಿಸುತ್ತಾರೆ. ನನಗೂ ಆ ಭಯ ಇತ್ತು, ಅದನ್ನು ಮುಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ. ಮನೆಯಲ್ಲಿ ನನಗೆ ದೀನಿ ಪಾಠ ಹೇಳಿದ ಉಸ್ತಾದರನ್ನು ಕೇಳಿದೆ. ಅವರು ನನಗೆ ಉತ್ತರ ಹೇಳಲಿಲ್ಲ. “ಎಲುಬು ಇದೆಯೋ ಇಲ್ಲವೋ?” ಎಂದು ಕೇಳಿದರು. ಇದೆ ಎಂದೆ. “ಹಾಗಾದರೆ ಇಲ್ಲ ಅನ್ನಬೇಡ. ಓದು. ಅರ್ಥವಾಗದ್ದನ್ನು ಅರ್ಥವಾಯಿತು ಅನ್ನಬೇಡ, ಅದೂ ಸುಳ್ಳೇ” ಎಂದರು. ಎಲ್ಲ ಪ್ರಶ್ನೆಗಳೂ ಇದರಿಂದ ತೀರಲಿಲ್ಲ, ನನ್ನ ಕೆಲವು ಪ್ರಶ್ನೆಗಳು ಹಾಗೇ ಇವೆ. ಆದರೆ ಪುಸ್ತಕವನ್ನು ಮರೆಯಲ್ಲಿಟ್ಟು ಓದುವುದು ನಿಂತಿತು.

ಈ ಪ್ರಾಣಿಗಳು ಭಾರತದಲ್ಲೂ ಇದ್ದವು. ಕರ್ನಾಟಕದಲ್ಲಿ ಹುಡುಕುವುದು ವ್ಯರ್ಥ. ನಮ್ಮ ಬಂಡೆಗಳು ಬಹುಪಾಲು ಇವುಗಳಿಗಿಂತ ನೂರಾರು ಕೋಟಿ ವರ್ಷ ಹಳೆಯವು, ಉತ್ತರದ ಕಪ್ಪು ಕಲ್ಲು ಇವುಗಳಿಗಿಂತ ಬಹಳ ಹೊಸದು. ಆದರೆ ಪಕ್ಕದ ತೆಲಂಗಾಣದ ಗೋದಾವರಿ ಕಣಿವೆಯಲ್ಲಿ, ಹಳೆಯ ಆದಿಲಾಬಾದ್ ಜಿಲ್ಲೆಯ ಕುಂದಾರಂ ಪದರಗಳಲ್ಲಿ, ಡೈಸಿನೊಡಾಂಟ್‌ಗಳ ಜೊತೆ ಒಂದು ಗೊರ್ಗೊನಾಪ್ಸಿಯನ್‌ನ ಅವಶೇಷವೂ ದೊರೆತಿದೆ. ಇವನ್ನು ಅಗೆದು ಅಧ್ಯಯನ ಮಾಡಿದವರು ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಸೇರಿದವರು ಎಂದು ಓದಿ ಆಶ್ಚರ್ಯವಾಯಿತು. 1931ರಲ್ಲಿ ಮಹಲನೋಬಿಸ್ ಸ್ಥಾಪಿಸಿದ, ನಮ್ಮ ಸಂಖ್ಯಾಶಾಸ್ತ್ರ ಪಾಠದಲ್ಲಿ ಬರುವ ಅದೇ ಸಂಸ್ಥೆ. ಅಲ್ಲಿ ಭೂವಿಜ್ಞಾನದ ವಿಭಾಗವಿದೆ, ವಸ್ತುಸಂಗ್ರಹಾಲಯವಿದೆ, ಬರಾಪಾಸಾರಸ್ ಎಂಬ ದೊಡ್ಡ ಡೈನೋಸಾರಿನ ಅಸ್ಥಿಪಂಜರವೂ ನಿಂತಿದೆ. ಅದೇ ಗೋದಾವರಿ ಕಣಿವೆಯಲ್ಲಿ ಸಿಂಗರೇಣಿಯ ಕಲ್ಲಿದ್ದಲು ಗಣಿಗಳಿವೆ. ಆ ಕಲ್ಲಿದ್ದಲು ಪರ್ಮಿಯನ್ ಯುಗದ ಕಾಡು, ಅಮಲಿಟ್ಸ್ಕಿ ಹುಡುಕಿದ ಗ್ಲಾಸಾಪ್ಟೆರಿಸ್ ಎಂಬ ಮರವೂ ಅದರಲ್ಲಿ ಸೇರಿದೆ. ಅದು ರಾಯಚೂರಿನ ಶಾಖೋತ್ಪನ್ನ ಕೇಂದ್ರಕ್ಕೆ ಬರುತ್ತದೆ. ನಾನು ಈ ಲೇಖನ ಬರೆಯುವಾಗ ಉರಿಯುತ್ತಿರುವ ಬಲ್ಬಿನಲ್ಲಿ ಆ ಕಾಡಿನ ಪಾಲು ಎಷ್ಟೋ.

ಬೀದಿಯ ತೊಂದರೆಗೂ ಕಲ್ಲಿದ್ದಲಿಗೂ ಸಂಬಂಧವಿದೆ. ಸುಮಾರು 25.2 ಕೋಟಿ ವರ್ಷಗಳ ಹಿಂದೆ ಸೈಬೀರಿಯದಲ್ಲಿ ನೆಲ ಬಿರಿದು ಲಾವಾ ಹರಿಯಿತು. ಒಂದು ಶಿಖರ ಸಿಡಿದದ್ದಲ್ಲ. ಲಕ್ಷಾಂತರ ವರ್ಷ, ಲಕ್ಷಾಂತರ ಚದರ ಕಿಲೋಮೀಟರ್. ಆ ಬಿಸಿ ಶಿಲಾರಸ ದಾರಿಯಲ್ಲಿ ಕಲ್ಲಿದ್ದಲು ಪದರಗಳನ್ನೂ ಸುಟ್ಟಿತು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿತು, ಸಮುದ್ರ ಬಿಸಿಯಾಗಿ ಆಮ್ಲಜನಕ ಕಳೆದುಕೊಂಡಿತು. ಸಮುದ್ರಜೀವಿ ಪ್ರಭೇದಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಅಳಿದವು. ಡೈನೋಸಾರ್‌ಗಳನ್ನು ಮುಗಿಸಿದ ಅಳಿವಿಗಿಂತ ಇದು ದೊಡ್ಡದು. ನೆಲದ ಮೇಲೆ ಗೊರ್ಗೊನಾಪ್ಸಿಯನ್‌ಗಳಲ್ಲಿ ಒಂದೂ ಬದುಕಿ ದಾಟಲಿಲ್ಲ. ಅವು ನಮ್ಮ ಪೂರ್ವಜರಲ್ಲ. ವಂಶ ಮುಂದುವರಿಯದ ದೊಡ್ಡಪ್ಪನ ಮನೆಯಂತೆ.

ದಾಟಿದವರು ಯಾರು? ಲಿಸ್ಟ್ರೊಸಾರಸ್ ಎಂಬ ಹಂದಿಯಾಕಾರದ ಡೈಸಿನೊಡಾಂಟ್ ದಾಟಿತು, ಕೆಲಕಾಲ ಎಲ್ಲೆಲ್ಲೂ ಅದೇ. ಆಫ್ರಿಕ, ಚೀನಾ, ರಷ್ಯಾ, ಅಂಟಾರ್ಕ್ಟಿಕ, ಮತ್ತೆ ನಮ್ಮ ಬಂಗಾಳದ ರಾಣಿಗಂಜ್ ಬಳಿಯ ಪಂಚೇತ್ ಬಂಡೆಗಳಲ್ಲೂ. ಅಲ್ಲಿಯ ಎಲುಬುಗಳನ್ನು 1865ರಲ್ಲೇ ಥಾಮಸ್ ಹಕ್ಸ್ಲಿ ವಿವರಿಸಿದ್ದರು. ಜೊತೆಗೆ ಸೈನೊಡಾಂಟ್ ಎಂಬ ಚಿಕ್ಕ ಗುಂಪೂ ದಾಟಿತು. ಅವುಗಳಲ್ಲೊಂದಾದ ಥ್ರಿನಾಕ್ಸೊಡಾನ್ ಬಿಲ ತೋಡಿ ಮಲಗುತ್ತಿತ್ತು. ಕರೂನಲ್ಲಿ ಸಿಕ್ಕ ಒಂದು ಬಿಲದ ಪಳೆಯುಳಿಕೆಯನ್ನು ಒಡೆಯದೆ, ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬಲವಾದ ಕ್ಷ-ಕಿರಣದಿಂದ ನೋಡಿ 2013ರಲ್ಲಿ ಪ್ರಕಟಿಸಿದರು. ಒಳಗೆ ಥ್ರಿನಾಕ್ಸೊಡಾನ್ ಮಲಗಿದೆ, ಪಕ್ಕದಲ್ಲೇ ಒಂದು ಉಭಯವಾಸಿ, ಅದರ ಪಕ್ಕೆಲುಬು ಮುರಿದು ಕೂಡುತ್ತಿದೆ. ಮನೆಯವನು ಅತಿಥಿಯನ್ನು ತಿಂದಿಲ್ಲ. ಬಹುಶಃ ಬರಗಾಲದ ಗಾಢ ನಿದ್ರೆಯಲ್ಲಿದ್ದ. ನೆರೆ ಬಂದು ಇಬ್ಬರನ್ನೂ ಮಣ್ಣಿನಲ್ಲಿ ಮುಚ್ಚಿತು. ಗೊರ್ಗೊನಾಪ್ಸಿಯನ್‌ನ ಕೋರೆಗಿಂತ ನನಗೆ ಈ ಬಿಲವೇ ಹೆಚ್ಚು ನೆನಪಾಗುತ್ತದೆ.

ಈ ಸೈನೊಡಾಂಟ್‌ಗಳ ಸಂತತಿಯಲ್ಲೇ ಮುಂದೆ ಸಸ್ತನಿಗಳು ಬಂದವು. ಹಳೆಯ ಸೈನಾಪ್ಸಿಡ್‌ಗಳ ಕೆಳದವಡೆಯಲ್ಲಿ ಹಲ್ಲಿರುವ ಮೂಳೆಯ ಹಿಂದೆ ಇನ್ನೂ ಹಲವು ಮೂಳೆಗಳಿದ್ದವು, ದವಡೆಯ ಕೀಲು ಆ ಹಿಂದಿನ ಮೂಳೆಯಲ್ಲಿ ಇತ್ತು. ಗೊರ್ಗೊನಾಪ್ಸಿಯನ್ ಬಾಯಿ ತೆರೆದದ್ದು ಆ ಕೀಲಿನಿಂದ. ಪೀಳಿಗೆಯಿಂದ ಪೀಳಿಗೆಗೆ ಹಲ್ಲಿನ ಮೂಳೆ ದೊಡ್ಡದಾಗಿ ತಾನೇ ತಲೆಬುರುಡೆಗೆ ಹೊಸ ಕೀಲು ಮಾಡಿಕೊಂಡಿತು. ಕೆಲಸ ಕಳೆದುಕೊಂಡ ಹಳೆಯ ಕೀಲಿನ ಎರಡು ಮೂಳೆಗಳು ಚಿಕ್ಕದಾಗುತ್ತಾ ನಡುಗಿವಿಗೆ ಸೇರಿದವು. ಇದು ಪಳೆಯುಳಿಕೆಯಿಂದ ಮಾತ್ರ ತಿಳಿದದ್ದಲ್ಲ. 1837ರಲ್ಲಿ ಕಾರ್ಲ್ ರೈಷರ್ಟ್ ಎಂಬ ಜರ್ಮನ್ ವಿಜ್ಞಾನಿ ಹಂದಿಯ ಭ್ರೂಣದಲ್ಲಿ ಈ ಮೂಳೆಗಳು ದವಡೆಯ ಭಾಗದಿಂದಲೇ ಹುಟ್ಟುವುದನ್ನು ತೋರಿಸಿದ್ದರು. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಬೆರಳ ಕೆಳಗೆ ಅಲುಗುವುದು ಹೊಸ ಕೀಲು. ಹಳೆಯದು ಅಲ್ಲಿಂದ ಸ್ವಲ್ಪವೇ ಒಳಗೆ, ಸುತ್ತಿಗೆ ಮತ್ತು ಅಡಿಗಲ್ಲು ಎಂಬ ಹೆಸರಿನಲ್ಲಿ, ಬೆಲ್ ಹೊಡೆದದ್ದನ್ನು ಕೇಳಿಸುತ್ತಿದೆ.

ಮೂರನೆಯ ಮೂಳೆಗೆ ನಮ್ಮ ಹೈಸ್ಕೂಲ್ ಪುಸ್ತಕದಲ್ಲಿ ‘ರಿಕಾಪು’ ಎಂದಿತ್ತು. ಆಗ ಅದು ಏನೆಂದು ತಿಳಿಯದೆ ಬಾಯಿಪಾಠ ಮಾಡಿದ್ದೆ. ಈ ಸಲ ದಾದಿಗೆ ಗಟ್ಟಿಯಾಗಿ ಓದಿ ಹೇಳುವಾಗ ಅವರೇ ತಡೆದು, “ರಿಕಾಬ್ ಅಂದರೆ ಕುದುರೆ ಹತ್ತುವಾಗ ಕಾಲಿಡುವುದಲ್ಲವೇ, ಅದು ಕಿವಿಯಲ್ಲಿ ಏಕೆ?” ಎಂದರು. ಚಿತ್ರ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, ಆಕಾರ ಅದೇ ಎಂದು ಒಪ್ಪಿಕೊಂಡರು.